ಸುಲಭದ ಚೆಂಡಿಗೇ ಜಗ್ಗುವ ಕೈ: ವೃತ್ತಿಪರ ಸ್ನೂಕರ್ ಆಟಗಾರನ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

ಸಲಹೆಗೆ ಬಂದವರು 26ರ ಯುವಕ. ಕ್ಯೂ ಸ್ಕೂಲ್ (ವೃತ್ತಿಪರ ಟೂರ್‌ಗೆ ಸೇರಲು ಆಡುವ ಅರ್ಹತಾ ಟೂರ್ನಿ) ಮೂಲಕ ಸಿಕ್ಕ ಟೂರ್ ಕಾರ್ಡ್‌ನ, ಅಂದರೆ ಆ ಟೂರ್‌ನಲ್ಲಿ ಆಡುವ ಹಕ್ಕಿನ, ಅವಧಿ 2 ವರ್ಷ, ಇದು ಎರಡನೆಯ ವರ್ಷ. ಸೀಸನ್ ಮುಗಿಯುವಾಗ ಮೊದಲ 64 ಸ್ಥಾನಗಳಲ್ಲಿ ಇರದಿದ್ದರೆ ಕಾರ್ಡ್ ಬಹುತೇಕ ಕೈತಪ್ಪಿದಂತೆಯೇ. ರ‍್ಯಾಂಕಿಂಗ್ ನಿಲ್ಲುವುದು ಬಹುಮಾನದ ಹಣದ ಮೇಲೆ. ಹಾಗಾಗಿ ಒಂದು ಸೋಲು ಎಂದರೆ ಸಂಪಾದನೆ, ಕೆಲಸ ಎರಡಕ್ಕೂ ಪೆಟ್ಟು.

ಅಭ್ಯಾಸದಲ್ಲಿ ಸೆಂಚುರಿ ಬ್ರೇಕ್ (ಒಂದೇ ಸರದಿಯಲ್ಲಿ 100 ಅಥವಾ ಹೆಚ್ಚು ಅಂಕ) ಸಲೀಸು. ಪಂದ್ಯದಲ್ಲಿ ಫ್ರೇಮ್ (ಪಂದ್ಯದೊಳಗಿನ ಒಂದು ಆಟ) ಗೆಲ್ಲಿಸುವ ಚೆಂಡು ಎದುರಾದರೆ ಕ್ಯೂ (ಚೆಂಡು ಹೊಡೆಯುವ ಕೋಲು) ಮುಂದೆ ಹೋಗುವಾಗಲೇ ಮಣಿಕಟ್ಟು ಜಗ್ಗುತ್ತದೆ. ಗಾಬರಿಯಲ್ಲಿ ಟಿಪ್ (ಕ್ಯೂ ತುದಿಯ ಚರ್ಮದ ತುಣುಕು), ಕೋಚ್, ನಿಲ್ಲುವ ಭಂಗಿ ಎಲ್ಲವನ್ನೂ ಬದಲಿಸಿದ್ದರು. ಹೆಚ್ಚು ಹಾನಿ ಮಾಡಿದ್ದು ಇದೇ: ಹೊಸ ಟಿಪ್ ಪಳಗುವವರೆಗೆ ಕ್ಯೂನಿಂದ ನೇರ ಹೊಡೆಯುವ ಬಿಳಿ ಚೆಂಡಿನ ವರ್ತನೆಯೇ ಬೇರೆ, ತಪ್ಪು ಕೈಯದೋ ಟಿಪ್ಪಿನದೋ ತಿಳಿಯುವುದಿಲ್ಲ.

“ಬಗ್ಗಿ ಗುರಿಯಿಟ್ಟಾಗ ತಲೆಯಲ್ಲಿ ಏನು ಓಡುತ್ತೆ?”

“ಸೋತರೆ ಎಷ್ಟನೇ ಸ್ಥಾನಕ್ಕೆ ಇಳೀತೀನಿ ಅನ್ನೋದು, ಸರ್. ನಾನು ಪುಕ್ಕಲ ಅನ್ನಿಸುತ್ತೆ.”

ಪುಕ್ಕಲುತನವಲ್ಲ. 7 ಬಾರಿ ವಿಶ್ವ ಚಾಂಪಿಯನ್ ಆದ ಸ್ಟೀಫನ್ ಹೆಂಡ್ರಿ ಕೂಡ ‘ಯಿಪ್ಸ್’ ಎಂಬ ಇದೇ ತೊಂದರೆಯನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಬರೆಯುವಾಗ, ಲೋಟ ಹಿಡಿದಾಗಲೂ ಕೈ ಅದುರಿದರೆ ಮೊದಲು ನರರೋಗ ತಜ್ಞರನ್ನು ಕಾಣಬೇಕು, ಇವರಿಗೆ ಹಾಗಿರಲಿಲ್ಲ.

ಸೀಸನ್ ಮುಗಿಯುವವರೆಗೆ ಕ್ಯೂ, ಟಿಪ್, ಭಂಗಿ ಯಾವುದನ್ನೂ ಮುಟ್ಟಬೇಡಿ ಎಂದೆವು. ದಿನದ ಮೊದಲ 15 ನಿಮಿಷ ಪಾಕೆಟ್ ಕಡೆ ನೋಡುವಂತಿಲ್ಲ. ಬಿಳಿ ಚೆಂಡನ್ನು ಕಂದು ಸ್ಪಾಟ್ (ಆ ಬಣ್ಣದ ಚೆಂಡಿಗೆ ಮೇಜಿನ ಮೇಲೆ ಗುರುತಿಸಿದ ಜಾಗ) ಮೇಲಿಟ್ಟು ನೀಲಿ, ಗುಲಾಬಿ, ಕಪ್ಪು ಸ್ಪಾಟ್‌ಗಳ ಮೇಲೆ ನೇರ ಹೊಡೆಯಬೇಕು. ಎದುರಿನ ಕುಶನ್‌ಗೆ (ಮೇಜಿನ ಅಂಚಿಗೆ) ಬಡಿದು ಅದು ಮರಳಿ ಟಿಪ್‌ಗೇ ಬರಬೇಕು. ಇಲ್ಲಿ ಗೆಲುವು ಸೋಲು ಇಲ್ಲದ್ದರಿಂದ ತೋಳು ಸಡಿಲಗೊಳ್ಳುತ್ತದೆ. ಆಮೇಲೆ ಒಂದೇ ಒಂದು ಉದ್ದದ ಪಾಟ್ (ದೂರದಿಂದ ಚೆಂಡನ್ನು ಪಾಕೆಟ್‌ಗೆ ಹಾಕುವ ಹೊಡೆತ), ಯಾರಾದರೂ ನೋಡುತ್ತಿರುವಾಗ, ಮರುಪ್ರಯತ್ನವಿಲ್ಲದೆ.

ಪಂದ್ಯದಲ್ಲಿ ಎಲ್ಲ ತೀರ್ಮಾನ ನಿಂತಿರುವಾಗಲೇ ಆಗಬೇಕು. ಬಗ್ಗಿದ ಮೇಲೆ ಕ್ಯೂ 3 ಸಲ ಆಡಿಸಿ, ಬಿಳಿ ಚೆಂಡಿನ ಹತ್ತಿರ ನಿಲ್ಲಿಸಿ, ನಿಧಾನ ಹಿಂದೆಳೆದು, ಅರೆಕ್ಷಣ ತಡೆದು, ಕಣ್ಣು ಗುರಿಯ ಚೆಂಡಿನ ಮೇಲಿಟ್ಟು ಹೊಡೆಯುವುದು. ನಡುವೆ ರ‍್ಯಾಂಕ್ ನೆನಪಾಯಿತೋ, ಎದ್ದು ನಿಂತು ಮತ್ತೆ ಮೊದಲಿಂದ.

ರ‍್ಯಾಂಕಿಂಗ್ ಪಟ್ಟಿ ನೋಡುವುದು ಟೂರ್ನಿ ಮುಗಿದ ಮೇಲಷ್ಟೇ. ಕಾರ್ಡ್ ಹೋದರೆ ಮತ್ತೆ ಕ್ಯೂ ಸ್ಕೂಲ್‌ಗೆ ಎಷ್ಟು ಖರ್ಚು, ಎಷ್ಟು ಸಲ ಪ್ರಯತ್ನ, ಜೊತೆಗೆ ಕೋಚಿಂಗ್ ಕೆಲಸ ಹಿಡಿಯುವುದೋ ಎಂಬುದನ್ನು ಈಗಲೇ ಬರೆದಿಡಿಸಿದೆವು. ಸೋತ ರಾತ್ರಿ ತಂದೆ ಫೋನ್ ಮಾಡಿ ಒಂದೊಂದೇ ಫ್ರೇಮ್ ವಿಚಾರಿಸುತ್ತಿದ್ದರು. ಮರುದಿನ ಬೆಳಿಗ್ಗೆ ಮಾಡುವುದಕ್ಕೆ ಅವರೂ ಒಪ್ಪಿದರು.

ಕೈ ಜಗ್ಗುವುದು ಪೂರ್ತಿ ನಿಂತಿಲ್ಲ. ಆದರೆ ಅನುಮಾನ ಬಂದಾಗ ಹೊಡೆದುಬಿಡದೆ ಎದ್ದು ನಿಲ್ಲುತ್ತಿದ್ದಾರೆ. ಮುಂದಿನ ಅರ್ಹತಾ ಸುತ್ತಿನ ನಂತರ ಮತ್ತೊಂದು ಭೇಟಿ ಗೊತ್ತಾಗಿದೆ.