ಹಳೆ ಹಾಯಿದೋಣಿ: ಮೊದಲು ದಬ್ಬಣ ಹಿಡಿಯಿರಿ, ಆಮೇಲೆ ದುಡ್ಡು ಬಿಚ್ಚಿ

ಪ್ರಶ್ನೆ: ಕಾರವಾರದಿಂದ 14 ಅಡಿಯ ಹಳೆಯ ಪ್ಲೈವುಡ್ ಹಾಯಿದೋಣಿ ತಂದಿದ್ದೇನೆ. ಎರಡು ಮಳೆಗಾಲ ಹಿತ್ತಲಲ್ಲೇ ಇತ್ತು. ತಳ ಅಲ್ಲಲ್ಲಿ ಮೆತ್ತಗಾಗಿದೆ. ಉಪ್ಪುನೀರು ತಿಂದಿದೆ, ಹೊರಗಿನಿಂದ ಫೈಬರ್ (ಗಾಜಿನೆಳೆ ಮತ್ತು ಗಟ್ಟಿಯಾಗುವ ಅಂಟುದ್ರವ) ಹೊದಿಸಿದರೆ ಹೊಸದಾಗುತ್ತದೆ ಅಂತ ಇಲ್ಲಿನ ಫೈಬರ್ ಕೆಲಸದವರು ಹೇಳುತ್ತಾರೆ. ರಿಪೇರಿ ಮಾಡಿಸಲೋ, ಹೊಸದನ್ನೇ ಕಟ್ಟಲೋ?
– ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ಫೈಬರ್ ಹೊದಿಸಬೇಡಿ. ಈ ಮಾತು ಹೇಳಿ ಹೇಳಿ ನನಗೆ ಸಾಕಾಗಿದೆ, ಆದರೂ ಪ್ರತಿ ಸಲ ಇದೇ ಸಲಹೆ ಹೊತ್ತು ಯಾರಾದರೊಬ್ಬರು ಬರುತ್ತಾರೆ. ನೀರಿನ ಟಾಕಿ, ಕಾರಿನ ಬಂಪರ್ ಕೆಲಸಕ್ಕೆ ಬಳಸುವ ಪಾಲಿಯೆಸ್ಟರ್ ರೆಸಿನ್ ಎಂಬ ಅಂಟುದ್ರವ ಹಳೆಯ ಮರಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ಒಳಗಿನ ತೇವಕ್ಕೆ ಹೊರಬರುವ ದಾರಿ ಮುಚ್ಚಿದರೆ ಕೊಳೆತ ಒಳಗೊಳಗೇ ಹಬ್ಬುತ್ತದೆ. ಹೊರಗೆ ಮಿರಮಿರ ಹೊಳೆಯುವ ದೋಣಿ ನಡುನೀರಿನಲ್ಲಿ ಬಾಯಿ ಬಿಟ್ಟರೆ ಆ ಕೆಲಸದವರು ಜೊತೆಗಿರುವುದಿಲ್ಲ.

ಉಪ್ಪುನೀರಿನ ಮಾತೂ ತಪ್ಪು. ಮರ ಕೊಳೆಸುವ ಶಿಲೀಂಧ್ರಕ್ಕೆ ಉಪ್ಪು ಆಗಿಬರುವುದಿಲ್ಲ. ನಿಮ್ಮ ದೋಣಿಯನ್ನು ತಿಂದದ್ದು ಅದರೊಳಗೆ ನಿಂತ ಮಳೆನೀರು.

ದಬ್ಬಣ ತೆಗೆದುಕೊಂಡು ಮೂರು ಕಡೆ ಚುಚ್ಚಿ: ಚುಕ್ಕಾಣಿ ಕೂರಿಸುವ ಹಿಂಬದಿ ಹಲಗೆ, ನಡುಹಲಗೆ (ದೋಣಿ ಪಕ್ಕಕ್ಕೆ ಜಾರದಂತೆ ನೀರಿಗಿಳಿಸುವ ಹಲಗೆ) ಇಳಿಬಿಡುವ ಪೆಟ್ಟಿಗೆಯ ಬುಡ, ಡೆಕ್ಕು (ಮೇಲಿನ ಹಾಸು) ಮತ್ತು ಪಕ್ಕದ ಹಲಗೆ ಕೂಡುವ ಅಂಚು. ಗಟ್ಟಿ ಮರದಲ್ಲಿ ಮೊನೆ ಕಚ್ಚಿಕೊಳ್ಳುತ್ತದೆ, ಮೀಟಿದರೆ ಉದ್ದನೆಯ ಸಿಬಿರು ಏಳುತ್ತದೆ. ಕೊಳೆತ ಕಡೆ ಸದ್ದಿಲ್ಲದೆ ಇಳಿಯುತ್ತದೆ, ಮೀಟಿದರೆ ಚೂರುಚೂರಾಗಿ ಉದುರುತ್ತದೆ.

ತಳದ ಹಲಗೆಯಷ್ಟೇ ಹೋಗಿದ್ದರೆ ರಿಪೇರಿ ಮಾಡಿ. ಕೊಳೆತ ದಾಟಿ ಗಟ್ಟಿ ಮರ ಸಿಗುವವರೆಗೆ ಧಾರಾಳವಾಗಿ ಕತ್ತರಿಸಿ. ಇಲ್ಲಿ ಜಿಪುಣತನ ಮಾಡಿದವರೇ ಮರುವರ್ಷ ಮತ್ತೆ ಪತ್ರ ಬರೆಯುತ್ತಾರೆ. ಹಳೆ ಅಂಚು, ಹೊಸ ತುಂಡು ಎರಡನ್ನೂ ದಪ್ಪದ ಎಂಟು ಪಟ್ಟು ಉದ್ದಕ್ಕೆ ಇಳಿಜಾರಾಗಿ ಓರೆ ಹೊಡೆದು, ಓರೆಯ ಮೇಲೆ ಓರೆ ಕೂರಿಸಿ ಎಪಾಕ್ಸಿ ಅಂಟಿನಿಂದ ಕೂಡಿಸಿ. 6 ಮಿ.ಮೀ. ಪ್ಲೈಗೆ 48 ಮಿ.ಮೀ. ಓರೆ. ಹಸಿ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ, ದೀಪಾವಳಿ ಕಳೆದ ಮೇಲೆಯೇ ಕೈಹಚ್ಚಿ.

ಹಿಂಬದಿ ಹಲಗೆಯೂ ಪೆಟ್ಟಿಗೆಯ ಬುಡವೂ ಹೋಗಿದ್ದರೆ ಹೊಸದು ಕಟ್ಟಿ, ಹಳೆಯದರ ಮೇಲಿನ ಮೋಹ ಬಿಡಿ. ಹಾಯಿ, ಹಾಯಿಕಂಬ, ಚುಕ್ಕಾಣಿ, ಲೋಹದ ಸಾಮಾನು ಚೆನ್ನಾಗಿದ್ದರೆ ಬಿಚ್ಚಿಟ್ಟುಕೊಳ್ಳಿ. ಖರ್ಚು ಏರುವುದೇ ಅಲ್ಲಿ. ಅವು ಹೊಂದಬೇಕಾದರೆ ಅದೇ ಮಾದರಿಯ ನಕ್ಷೆ ಬೇಕು. ನಕ್ಷೆ ಸಿಗದಿದ್ದರೆ ಮೊದಲ ಸಲಕ್ಕೆ ಚಿಕ್ಕದನ್ನೇ ಕಟ್ಟಿ. ಬ್ರಿಟನ್ನಿನಲ್ಲಿ 1960ರ ದಶಕದ ಆರಂಭದಲ್ಲಿ ಬಂದ ಸುಮಾರು 11 ಅಡಿಯ ‘ಮಿರರ್’ ದೋಣಿಯನ್ನು ಮನೆಯಲ್ಲೇ ಕಟ್ಟಲೆಂದು ರೂಪಿಸಿದ್ದರು. ಪ್ಲೈ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು, ಸಂದಿಗೆ ರೆಸಿನ್ ಜೊತೆ ಗಾಜಿನೆಳೆಯ ಪಟ್ಟಿ ಹಾಕುವ ವಿಧಾನ ಅದು. ಹೊಸ, ಒಣ ಮರದ ಸಂದಿಗೆ ಪಟ್ಟಿ ಹಾಕುವುದು ಬೇರೆ, ಕೊಳೆತಕ್ಕೆ ಹೊದಿಕೆ ಹಾಕುವುದು ಬೇರೆ.

ಪ್ರಶ್ನೆ: ಕೊಳೆತ ಜಾಗಕ್ಕೆ ಗೇರೆಣ್ಣೆ ಹಚ್ಚಿದರೆ ಸಾಕೇ? – ಹಾವೇರಿ
ಉತ್ತರ: ಸಾಲದು. ಎಣ್ಣೆ ಕುಡಿದ ಮರಕ್ಕೆ ಮುಂದೆ ಎಪಾಕ್ಸಿಯೂ ಹಿಡಿಯದು.

ಪ್ರಶ್ನೆ: ಅಂಗಡಿಯವರು ವಾಟರ್‌ಪ್ರೂಫ್ ಎನ್ನುವ ಪ್ಲೈ ನಡೆಯುತ್ತದೆಯೇ? – ಗದಗ
ಉತ್ತರ: ಐಎಸ್ 710 (ದೋಣಿ ದರ್ಜೆಯ ಪ್ಲೈಗೆ ಇರುವ ಭಾರತೀಯ ಮಾನಕ) ಮುದ್ರೆ ಇದ್ದರೆ ಮಾತ್ರ. ಆ ದರ್ಜೆಯ ಪ್ಲೈ 72 ಗಂಟೆ ಕುದಿಸುವ ಪರೀಕ್ಷೆ ತಡೆಯಬೇಕು. ಖರೀದಿಗೆ ಮುಂಚೆ ಒಂದು ತುಂಡು ತಂದು ಮನೆಯಲ್ಲೇ ಕುದಿಸಿ, ಪದರ ಬಿಟ್ಟರೆ ಆ ಅಂಗಡಿ ಬಿಡಿ.

ಪ್ರಶ್ನೆ: ನನಗೆ ಈಜು ಬರುತ್ತದೆ, ಕೆರೆಯಲ್ಲಿ ಲೈಫ್ ಜಾಕೆಟ್ ಯಾಕೆ? – ಧಾರವಾಡ
ಉತ್ತರ: ದೋಣಿ ಮಗುಚುವಾಗ ಹಾಯಿಯ ಅಡ್ಡಕಂಬ ತಲೆಗೆ ಬಡಿದರೆ ಈಜು ನೆನಪಾಗುವುದಿಲ್ಲ. ಜಾಕೆಟ್ ಇಲ್ಲದೆ ನೀರಿಗಿಳಿಯುವವರು ದಯವಿಟ್ಟು ನನ್ನ ಸಲಹೆ ಕೇಳಬೇಡಿ.