‘ಅಣುತ್ಯಾಜ್ಯ: ಸಾವಿಲ್ಲದ ವಿಷ’ ಲೇಖನ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಖಂಡಿತ ನೋಡುತ್ತೇವೆ. ಅದಕ್ಕೇ ಇಷ್ಟುದ್ದದ ಪತ್ರ.

ಕಾಸರಗೋಡು ಜಿಲ್ಲೆಯ ಚೀಮೇನಿಗೆ ಅಣುಸ್ಥಾವರ ಬರುತ್ತದಂತೆ ಎಂದು ಪತ್ರಿಕೆಗಳಲ್ಲಿ ಸುದ್ದಿಯಾದ ಮೇಲೆ ಈ ವಿಷಯದ ಬರಹಗಳು ನಮಗೆ ಬರುತ್ತಲೇ ಇವೆ. ಕೆಲವು ಬರೀ ಹೆದರಿಸುತ್ತವೆ, ಕೆಲವು ಇಲಾಖೆಯ ಕರಪತ್ರದ ಹಾಗೆ ಹೊಗಳುತ್ತವೆ. ನಿಮ್ಮದು ಎರಡನ್ನೂ ಮಾಡುತ್ತದೆ. ಅರ್ಧದವರೆಗೆ ಪ್ರಳಯ, ಆಮೇಲೆ ಭೌತವಿಜ್ಞಾನದ ಸಾಧನೆ, ಸೂಪರ್ ಕಂಪ್ಯೂಟರ್, ಕ್ಯಾನ್ಸರ್ ಚಿಕಿತ್ಸೆ. ಇಷ್ಟೆಲ್ಲ ಓದಿ ಮುಗಿಸಿದರೂ ಈ ತ್ಯಾಜ್ಯ ಎಲ್ಲಿ ಹುಟ್ಟುತ್ತದೆ, ಎಷ್ಟಿರುತ್ತದೆ, ಅದನ್ನು ಏನು ಮಾಡುತ್ತಾರೆ ಎಂಬುದು ಮಾತ್ರ ತಿಳಿಯುವುದಿಲ್ಲ.

ನಮ್ಮ ಸಲಹೆ ಒಂದೇ. ಇಂಧನದ ಒಂದೇ ಒಂದು ಕಟ್ಟನ್ನು ಹಿಡಿದುಕೊಳ್ಳಿ, ಅದು ಹೋದಲ್ಲೆಲ್ಲ ಹೋಗಿ. ಭೌತವಿಜ್ಞಾನ, ಕಂಪ್ಯೂಟರ್, ಆಸ್ಪತ್ರೆ ಎಲ್ಲವೂ ದಾರಿಯಲ್ಲೇ ಸಿಗುತ್ತವೆ.

ನಮಗೆ ಹತ್ತಿರದ್ದು ಕೈಗಾ. ಅಲ್ಲಿನ 220 ಮೆಗಾವಾಟ್ ರಿಯಾಕ್ಟರಿಗೆ ಹಾಕುವ ಇಂಧನದ ಕಟ್ಟು ಸುಮಾರು ಅರ್ಧ ಮೀಟರ್ ಉದ್ದ. ಜಿರ್ಕೋನಿಯಂ ಮಿಶ್ರಲೋಹದ 19 ಕೊಳವೆಗಳು, ಒಳಗೆ ಯುರೇನಿಯಂ ಆಕ್ಸೈಡಿನ ಬಿಲ್ಲೆಗಳು, ಒಟ್ಟು 15 ಕೆ.ಜಿ.ಯಷ್ಟು. ರಿಯಾಕ್ಟರಿನಲ್ಲಿ 306 ನಾಳಗಳು, ನಾಳಕ್ಕೆ 12ರಂತೆ 3,672 ಕಟ್ಟುಗಳು. ಈಗ ಲೆಕ್ಕ ಮಾಡಿ. ಈ ಬಗೆಯ ರಿಯಾಕ್ಟರಿನಲ್ಲಿ ಒಂದು ಟನ್ ಯುರೇನಿಯಂನಿಂದ ಹೆಚ್ಚುಕಡಿಮೆ 7,000 ಮೆಗಾವಾಟ್-ದಿನದಷ್ಟು ಶಾಖ ತೆಗೆಯುತ್ತಾರೆ. ಒಂದು ಮೆಗಾವಾಟ್-ದಿನಕ್ಕೆ ಒಂದು ಗ್ರಾಮಿಗಿಂತ ತುಸು ಹೆಚ್ಚು ಪರಮಾಣುಗಳು ಒಡೆಯಬೇಕು (ಈ ಒಡೆಯುವಿಕೆಯೇ ವಿದಳನ). ಹಾಗಾದರೆ ಒಂದು ಕಟ್ಟಿನಲ್ಲಿ ಉಳಿಯುವ ವಿದಳನದ ಚೂರುಗಳು ಎಷ್ಟು? ನೂರು ಗ್ರಾಂನ ಆಸುಪಾಸು. ಹುಟ್ಟಿಕೊಂಡ ಪ್ಲುಟೋನಿಯಂ ಅದರ ಅರ್ಧದಷ್ಟು. ಮಿಕ್ಕಿದ್ದು, ನೂರಕ್ಕೆ 99ರಷ್ಟು, ಯುರೇನಿಯಂ ಆಗಿಯೇ ಇರುತ್ತದೆ. ಇದೇ ಕಟ್ಟು ಕೊಟ್ಟ ಕರೆಂಟು ಆರು ಲಕ್ಷ ಯೂನಿಟಿಗೂ ಮೇಲೆ. ‘ತ್ಯಾಜ್ಯದ ಪರ್ವತಗಳು’ ಎಂದು ನೀವು ಮೂರು ಕಡೆ ಬರೆದಿದ್ದೀರಿ. ಮೂರನ್ನೂ ತೆಗೆದು ಈ ನೂರು ಗ್ರಾಂ ಇಡಿ. ಅಷ್ಟು ಚಿಕ್ಕದು ಅಷ್ಟು ತಾಪತ್ರಯ ಯಾಕೆ ಕೊಡುತ್ತದೆ ಎಂದು ಓದುಗ ತಾನಾಗಿಯೇ ಕೇಳುತ್ತಾನೆ.

ಉತ್ತರದ ಮೊದಲ ಭಾಗ ಶಾಖ. ಸರಣಿಕ್ರಿಯೆ ನಿಂತ ಗಳಿಗೆಯಲ್ಲೂ ವಿದಳನದ ಚೂರುಗಳು ಕ್ಷಯಿಸುತ್ತ ಮೂಲ ಶಕ್ತಿಯ ನೂರಕ್ಕೆ 6–7ರಷ್ಟು ಶಾಖ ಬಿಡುತ್ತಿರುತ್ತವೆ. ಒಂದು ದಿನ ಕಳೆದರೆ ಅರ್ಧ ಶೇಕಡಾದ ಹತ್ತಿರ. ಕಡಿಮೆ ಅನ್ನಿಸಬಹುದು. ಕೈಗಾದ ಒಂದು ಘಟಕದ ಶಾಖ 750 ಮೆಗಾವಾಟಿನಷ್ಟು. ಅದರ ಅರ್ಧ ಶೇಕಡಾ ಎಂದರೆ ಮೂರು ಮೆಗಾವಾಟಿಗೂ ಹೆಚ್ಚು. 2011ರಲ್ಲಿ ಫುಕುಶಿಮಾದಲ್ಲಿ ಓಡುತ್ತಿದ್ದ ರಿಯಾಕ್ಟರುಗಳೆಲ್ಲ ಭೂಕಂಪವಾದೊಡನೆ ಸರಿಯಾಗಿಯೇ ನಿಂತಿದ್ದವು. ಕರಗಿಸಿದ್ದು ಈ ಉಳಿಕೆ ಶಾಖ. ಕಟ್ಟನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಇಡುವುದೂ ಇದಕ್ಕೇ. ನಿಮ್ಮ ಲೇಖನದಲ್ಲಿ ಶಾಖದ ಮಾತು ಒಂದು ಸಲವೂ ಬರುವುದಿಲ್ಲ. ಅದಿಲ್ಲದೆ ಮುಂದಿನ ಯಾವ ಹೆಜ್ಜೆಯೂ ಅರ್ಥವಾಗುವುದಿಲ್ಲ.

ಶಾಖ ಬಿಟ್ಟದ್ದರಿಂದಲೇ ನಿಮ್ಮ ಅತಿ ದೊಡ್ಡ ತಪ್ಪೂ ಆಗಿದೆ. 1957ರಲ್ಲಿ ಸೋವಿಯತ್ ರಷ್ಯಾದ ಮಾಯಾಕ್ ಅಣುಕೇಂದ್ರದಲ್ಲಿ ಆದ ದುರಂತದ ಬಗ್ಗೆ ‘ತ್ಯಾಜ್ಯದ ತೊಟ್ಟಿ ಅಣುಬಾಂಬಿನಂತೆ ಸಿಡಿಯಿತು’ ಎಂದಿದ್ದೀರಿ. ಅಲ್ಲ. ಆ ವರ್ಷ ಸೆಪ್ಟೆಂಬರ್ 29ರಂದು ಅಲ್ಲಿ ಆದದ್ದು ರಾಸಾಯನಿಕ ಸ್ಫೋಟ. ತೊಟ್ಟಿಯಲ್ಲಿದ್ದದ್ದು ನೈಟ್ರೇಟ್ ಮತ್ತು ಅಸಿಟೇಟ್ ಲವಣಗಳ ವಿಕಿರಣಶೀಲ ದ್ರಾವಣ. ತಂಪು ಮಾಡುವ ವ್ಯವಸ್ಥೆ ಕೆಟ್ಟಿತು, ಅದನ್ನು ಸರಿಪಡಿಸಲಿಲ್ಲ. ಒಳಗಿನ ಶಾಖಕ್ಕೆ ನೀರು ಆವಿಯಾಗಿ ಲವಣ ಒಣಗಿತು, ಇನ್ನೂ ಕಾಯ್ದು ಸಿಡಿಯಿತು. ನೈಟ್ರೇಟ್ ಆಮ್ಲಜನಕ ಒದಗಿಸುವ ವಸ್ತು, ಅಸಿಟೇಟ್ ಉರಿಯುವ ವಸ್ತು. ಪಟಾಕಿಗೆ ಮದ್ದು ಅರೆಯುವವರಿಗೆ ಈ ಜೋಡಿಯ ಗುಣ ಗೊತ್ತು. 2014ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ನೆಲದಡಿ 655 ಮೀಟರ್ ಆಳದ ಉಪ್ಪಿನ ಪದರದಲ್ಲಿರುವ ಸಂಗ್ರಹಾಗಾರದಲ್ಲಿ ಒಂದು ಪೀಪಾಯಿ ಬಿರಿದದ್ದೂ ಇದೇ ಜಾತಿಯ ರಸಾಯನಕ್ರಿಯೆಯಿಂದ. ತೇವ ಹೀರಲು ಹಾಕುತ್ತಿದ್ದ ಖನಿಜದ ಪುಡಿಯ ಬದಲು ಗೋಧಿಯಿಂದ ಮಾಡಿದ, ಬೆಕ್ಕಿನ ಮಲಮೂತ್ರದ ತಟ್ಟೆಗೆ ಹಾಕುವ ಪುಡಿಯನ್ನು ನೈಟ್ರೇಟ್ ಲವಣಕ್ಕೆ ಬೆರೆಸಿದ್ದರು. ಇವೆರಡನ್ನು ಅಕ್ಕಪಕ್ಕ ಇಟ್ಟು ಬರೆಯಿರಿ. ‘ಅಣುಬಾಂಬಿನಂತೆ’ ಎಂಬ ಮಾತಿಗಿಂತ ಇದು ಹೆಚ್ಚು ಹೆದರಿಸುತ್ತದೆ, ಜೊತೆಗೆ ನಿಜವೂ ಹೌದು.

ಮತ್ತೆ ಕಟ್ಟಿಗೆ ಬನ್ನಿ. ಭಾರತದ ನೀತಿ ಬಳಸಿದ ಇಂಧನವನ್ನು ಹಾಗೇ ಹೂಳುವುದಲ್ಲ, ಮರುಸಂಸ್ಕರಿಸುವುದು. ಟ್ರಾಂಬೆಯಲ್ಲಿ 1964ರಿಂದ ಈ ಕೆಲಸ ಶುರುವಾಯಿತು, ಮುಂದೆ ತಾರಾಪುರ ಮತ್ತು ಕಲ್ಪಾಕ್ಕಂನಲ್ಲೂ. ಕಟ್ಟನ್ನು ತುಂಡರಿಸಿ ಬಿಸಿ ನೈಟ್ರಿಕ್ ಆಮ್ಲದಲ್ಲಿ ಕರಗಿಸುತ್ತಾರೆ. ಕೊಳವೆಯ ಲೋಹ ಕರಗದೆ ಉಳಿಯುತ್ತದೆ, ಅದು ಬೇರೆಯೇ ಒಂದು ತ್ಯಾಜ್ಯ. ದ್ರಾವಣವನ್ನು ಟ್ರೈಬ್ಯುಟೈಲ್ ಫಾಸ್ಫೇಟ್ ಬೆರೆಸಿದ ಎಣ್ಣೆಯಂಥ ದ್ರವದೊಂದಿಗೆ ಕಲಕಿದರೆ ಯುರೇನಿಯಂ, ಪ್ಲುಟೋನಿಯಂ ಎಣ್ಣೆಯ ಪದರಕ್ಕೆ ಏರುತ್ತವೆ. ನಮ್ಮ ನೂರು ಗ್ರಾಂ ಆಮ್ಲದಲ್ಲೇ ನಿಲ್ಲುತ್ತದೆ. ನಿಜವಾದ ಉನ್ನತ ಮಟ್ಟದ ತ್ಯಾಜ್ಯ ಎಂದರೆ ಈ ಆಮ್ಲ. ನೀವು ಆಸ್ಪತ್ರೆಯ ಕೈಗವಸನ್ನೂ ಇದನ್ನೂ ಒಂದೇ ವಾಕ್ಯದಲ್ಲಿ ತಂದಿದ್ದೀರಿ, ಅವೆರಡಕ್ಕೂ ಅಜಗಜಾಂತರ.

ಗಾಜಿನ ಭಾಗ ನಿಮ್ಮ ಲೇಖನದಲ್ಲಿ ಎರಡು ಸಾಲು: ‘ತ್ಯಾಜ್ಯವನ್ನು ಗಾಜಿನ ಪೆಟ್ಟಿಗೆಗಳಲ್ಲಿ ತುಂಬಿಸಿ ಇಡಲಾಗುತ್ತದೆ.’ ತುಂಬಿಸುವುದಿಲ್ಲ. ತ್ಯಾಜ್ಯವೇ ಗಾಜಾಗುತ್ತದೆ. ಬೋರೋಸಿಲಿಕೇಟ್ ಗಾಜಿನ ಸಾಮಗ್ರಿಯ ಜೊತೆ ತ್ಯಾಜ್ಯದ ದ್ರಾವಣವನ್ನು ಒಣಗಿಸಿ ಸುಮಾರು 950–1000 ಡಿಗ್ರಿಯಲ್ಲಿ ಕರಗಿಸಿದರೆ ಸೀಸಿಯಂ, ಸ್ಟ್ರಾನ್ಷಿಯಂ ಮೊದಲಾದವು ಗಾಜಿನ ಜಾಲದೊಳಗೇ ಸಿಕ್ಕಿಕೊಳ್ಳುತ್ತವೆ. ಗಾಜೇ ಏಕೆ? ಹರಳಿನಲ್ಲಿ ಪ್ರತಿ ಪರಮಾಣುವಿಗೂ ಗೊತ್ತಾದ ಜಾಗ, ಗೊತ್ತಾದ ಗಾತ್ರ. ಗಾಜಿಗೆ ಆ ಕಟ್ಟುನಿಟ್ಟಿಲ್ಲ, ಹತ್ತಾರು ಬಗೆಯ ಮೂಲಧಾತುಗಳನ್ನು ಒಟ್ಟಿಗೆ ತಾಳಿಕೊಳ್ಳುತ್ತದೆ.

ಇಲ್ಲಿ ಕೆಡುವುದು ಏನೇನು ಎಂದು ಬರೆದರೆ ನಿಮ್ಮ ಲೇಖನ ಉಳಿದವುಗಳಿಂದ ಬೇರೆಯಾಗುತ್ತದೆ. ಸಲ್ಫೇಟ್ ಹೆಚ್ಚಿದ್ದರೆ ಅದು ಗಾಜಿನಲ್ಲಿ ಬೆರೆಯದೆ ಮೇಲೆ ಹಳದಿ ಪದರವಾಗಿ ತೇಲುತ್ತದೆ. ಆ ಪದರ ನೀರಿನಲ್ಲಿ ಕರಗುತ್ತದೆ, ಸೀಸಿಯಂ ಹೋಗಿ ಸೇರುವುದೂ ಅಲ್ಲಿಗೇ. ಟ್ರಾಂಬೆಯ ಹಳೆಯ ತ್ಯಾಜ್ಯದಲ್ಲಿ ಸಲ್ಫೇಟ್ ಜಾಸ್ತಿ ಇದ್ದುದರಿಂದ ಬೇರಿಯಂ ಸೇರಿಸಿದ ಬೇರೆ ಗಾಜನ್ನೇ ರೂಪಿಸಬೇಕಾಯಿತು. ರುಥೇನಿಯಂ ಆವಿಯಾಗಿ ಹೊಗೆಕೊಳವೆಯಲ್ಲಿ ಹೋಗಿ ಕೂರುತ್ತದೆ. ಗಾಜಿನ ಮೂಲಕವೇ ವಿದ್ಯುತ್ ಹರಿಸಿ ಕಾಯಿಸುವ ಕುಲುಮೆಗಳಲ್ಲಿ ಪಲ್ಲಾಡಿಯಂ, ರೋಡಿಯಂನಂಥ ಲೋಹಗಳು ಕರಗದೆ ತಳದಲ್ಲಿ ಸೇರಿಕೊಂಡು ವಿದ್ಯುತ್ತಿಗೆ ಅಡ್ಡದಾರಿ ಮಾಡಿಕೊಡುತ್ತವೆ. ಆಗ ತಳ ಕಾಯುತ್ತದೆ, ಗಾಜು ಕಾಯುವುದಿಲ್ಲ. ತಣ್ಣಗಿನ ಗಾಜು ವಿದ್ಯುತ್ ಒಯ್ಯುವುದೇ ಇಲ್ಲ, ಹಾಗಾಗಿ ಕುಲುಮೆ ಹೊತ್ತಿಸುವಾಗ ಮೊದಲು ಬೇರೆ ವಿಧಾನದಿಂದ ಬಿಸಿ ಮಾಡಬೇಕು.

ಗಾಜು ತುಂಬಿದ ಸ್ಟೇನ್‌ಲೆಸ್ ಸ್ಟೀಲ್ ಡಬ್ಬಿಗಳನ್ನು ತಾರಾಪುರದಲ್ಲಿ ಗಾಳಿಯ ಸಹಜ ಸೆಳೆತದಿಂದಲೇ ತಣಿಯುವ ಕಟ್ಟಡದಲ್ಲಿ ಇಡುತ್ತಾರೆ. ಆಮೇಲೆ ಭೂಗರ್ಭ. ‘ಫಿನ್ಲೆಂಡಿನಲ್ಲಿ ಈ ಗಾಜನ್ನು ಹೂಳುತ್ತಾರೆ’ ಎಂದಿದ್ದೀರಿ. ಫಿನ್ಲೆಂಡ್ ಮರುಸಂಸ್ಕರಣೆ ಮಾಡುವುದಿಲ್ಲ. ಓಂಕಾಲೊ ಎಂಬಲ್ಲಿ, ಸುಮಾರು 430 ಮೀಟರ್ ಆಳದ ಬಂಡೆಯಲ್ಲಿ, ಬಳಸಿದ ಇಂಧನವನ್ನೇ ತಾಮ್ರದ ಹೊದಿಕೆಯ ಡಬ್ಬಿಯಲ್ಲಿಟ್ಟು ಸುತ್ತ ಬೆಂಟೊನೈಟ್ ಜೇಡಿ ತುಂಬುವ ಯೋಜನೆ ಅವರದು. ನೀರು ತಾಗಿದರೆ ಆ ಜೇಡಿ ಉಬ್ಬಿ ಸಂದು ಮುಚ್ಚುತ್ತದೆ. ಭಾರತದಲ್ಲಿ ಅಂಥ ಭೂಗರ್ಭ ಸಂಗ್ರಹಾಗಾರ ಇನ್ನೂ ಇಲ್ಲ. ಆದರೆ 1980ರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ಒಂದು ಕಿಲೋಮೀಟರ್ ಆಳದಲ್ಲಿ, ಹೀಟರ್ ಇಟ್ಟು ಬಂಡೆ ಶಾಖಕ್ಕೆ ಹೇಗೆ ವರ್ತಿಸುತ್ತದೆ ಎಂದು ಪರೀಕ್ಷಿಸಿದ್ದಾರೆ. ಕನ್ನಡದ ಲೇಖನದಲ್ಲಿ ಓಂಕಾಲೊಗೆ ಒಂದು ಪುಟ, ಕೋಲಾರಕ್ಕೆ ಒಂದು ಸಾಲೂ ಇಲ್ಲವೆಂದರೆ ಹೇಗೆ?

ಆಳಕ್ಕೆ ಯಾಕೆ ಹೋಗಬೇಕು ಎಂದು ವಿವರಿಸಲು ನೀವು ಎಲ್ಲಿಂದಲೋ ಉಪಮೆ ತಂದಿದ್ದೀರಿ. ನಮ್ಮಲ್ಲೇ ಇದೆಯಲ್ಲ. ಗುಡ್ಡದ ಮುರಕಲ್ಲಿಗೆ ಅಡ್ಡ ಕೊರೆದ ಸುರಂಗದಲ್ಲಿ ಮಳೆನೀರು ಹೇಗೆ ಗೋಡೆಯಿಂದ ಜಿನುಗಿ ಹೊರಗೆ ಹರಿದು ಬರುತ್ತದೆ ಎಂಬುದು ಕಾಸರಗೋಡಿನ ಬಾಯಾರು, ಪೆರ್ಲದ ಓದುಗನಿಗೆ ಹೇಳಿಕೊಡಬೇಕಿಲ್ಲ. ಅಂಥ ಕಲ್ಲು ಬೇಡವೇ ಬೇಡ, ನೀರು ಅಲ್ಲಾಡದ ಬಂಡೆ ಬೇಕು ಎನ್ನಿ. ಸಾಕು.

ಕಾಲದ ಲೆಕ್ಕ ತಪ್ಪಿದೆ. ಸೀಸಿಯಂ-137ರ ಅರ್ಧಾಯು (ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) 30 ವರ್ಷ, ಹಾಗಾಗಿ 60 ವರ್ಷಕ್ಕೆ ಮುಗಿಯಿತು ಎಂದಿದ್ದೀರಿ. 60ಕ್ಕೆ ಕಾಲುಭಾಗ ಉಳಿಯುತ್ತದೆ, 300ಕ್ಕೆ ಸಾವಿರದಲ್ಲೊಂದು ಪಾಲು. ಮತ್ತೊಂದೆಡೆ ಇಡೀ ತ್ಯಾಜ್ಯಕ್ಕೆ ಪ್ಲುಟೋನಿಯಂ-239ರ 24,000 ವರ್ಷವನ್ನು ಹಚ್ಚಿದ್ದೀರಿ, ಪ್ಲುಟೋನಿಯಂ ಬಹುಪಾಲು ಮೊದಲೇ ಬೇರ್ಪಟ್ಟಿದ್ದರೂ. ಗಾಜಿನಲ್ಲಿ ಉಳಿದು ಕಾಡುವವು ಅಮೆರಿಸಿಯಂ-241, ನೆಪ್ಚೂನಿಯಂ-237. ಮೊದಲನೆಯದರ ಅರ್ಧಾಯು 432 ವರ್ಷ, ಎರಡನೆಯದರದ್ದು 20 ಲಕ್ಷಕ್ಕೂ ಮೇಲೆ. ಮೊದಲ ಮುನ್ನೂರು ವರ್ಷದ ಶಾಖಕ್ಕೆ ಸೀಸಿಯಂ, ಸ್ಟ್ರಾನ್ಷಿಯಂ ಕಾರಣ. ಆಮೇಲಿನ ದೀರ್ಘ ಕಾಲಕ್ಕೆ ಅಮೆರಿಸಿಯಂ, ನೆಪ್ಚೂನಿಯಂ.

ಕಂಪ್ಯೂಟರ್ ಭಾಗದಲ್ಲಿ ‘ಸೂಪರ್ ಕಂಪ್ಯೂಟರ್ ಎಲ್ಲವನ್ನೂ ಕರಾರುವಾಕ್ಕಾಗಿ ಹೇಳುತ್ತದೆ’ ಎಂಬ ವಾಕ್ಯ ಹೊಡೆದುಹಾಕಿ. ವಿಕಿರಣ ಗೋಡೆ ದಾಟುವುದನ್ನು ಲೆಕ್ಕ ಹಾಕುವ ಮಾಂಟೆ ಕಾರ್ಲೊ ವಿಧಾನ ಯಾದೃಚ್ಛಿಕ ಸಂಖ್ಯೆಗಳಿಂದ ಒಂದೊಂದೇ ಕಣವನ್ನು ಓಡಿಸುತ್ತದೆ. ದೋಷವನ್ನು ಅರ್ಧಕ್ಕೆ ಇಳಿಸಬೇಕಾದರೆ ನಾಲ್ಕು ಪಟ್ಟು ಕಣ ಓಡಿಸಬೇಕು. ಒಂದೂವರೆ ಮೀಟರ್ ಕಾಂಕ್ರೀಟ್ ಗೋಡೆಗೆ ಸೀಸಿಯಂನ ಒಂದು ಕೋಟಿ ಗಾಮಾ ಕಣ ಬಿಟ್ಟರೂ ಆಚೆಗೆ ಒಂದೂ ತಲಪದಿರಬಹುದು. ಪ್ರೋಗ್ರಾಂ ಸೊನ್ನೆ ತೋರಿಸುತ್ತದೆ. ಹೊಸಬ ಅದನ್ನು ‘ವಿಕಿರಣ ಇಲ್ಲ’ ಎಂದು ಓದಿಕೊಳ್ಳುತ್ತಾನೆ. ಗೋಡೆಯೊಳಗೆ ಮುಂದೆ ಸಾಗಿದ ಕಣಗಳನ್ನು ಹಲವಾಗಿ ಒಡೆದು, ಲೆಕ್ಕದಲ್ಲಿ ಒಂದೊಂದರ ತೂಕ ಅಷ್ಟೇ ತಗ್ಗಿಸಿ ಓಡಿಸುವುದು ಇದಕ್ಕಿರುವ ಉಪಾಯ.

ಚೆನ್ನಾಗಿರುವುದು ರಕ್ತನಿಧಿಯ ಪ್ಯಾರಾ. ತ್ಯಾಜ್ಯದಿಂದಲೇ ಬೇರ್ಪಡಿಸಿದ ಸೀಸಿಯಂ ಅನ್ನು ಗಾಜಿನ ಪೆನ್ಸಿಲ್ ಮಾಡಿ ರಕ್ತಕ್ಕೆ ವಿಕಿರಣ ಕೊಡುವ ಯಂತ್ರಗಳಿಗೆ ಒದಗಿಸಿದ್ದನ್ನು ಸರಿಯಾಗಿ ಬರೆದಿದ್ದೀರಿ. ಕಾರಣ ಸೇರಿಸಿ: ರೋಗನಿರೋಧಕ ಶಕ್ತಿ ಕುಂದಿದವರಿಗೆ ರಕ್ತ ಕೊಟ್ಟಾಗ ದಾನಿಯ ಟಿ ಕೋಶಗಳು ಬೆಳೆದು ರೋಗಿಯ ದೇಹದ ಮೇಲೇ ಎರಗಬಹುದು, 25 ಗ್ರೇ ವಿಕಿರಣ ಕೊಟ್ಟರೆ ಅವು ವಿಭಜಿಸಲಾರವು. ‘ಆ ರಕ್ತ ಕೆಲಕಾಲ ವಿಕಿರಣಶೀಲವಾಗಿರುತ್ತದೆ’ ಎಂಬುದು ಮಾತ್ರ ತಪ್ಪು. ಸೀಸಿಯಂನ ಗಾಮಾ ಕಿರಣಕ್ಕೆ ಪರಮಾಣು ಬೀಜವನ್ನು ಬದಲಿಸುವಷ್ಟು ಶಕ್ತಿ ಇಲ್ಲ. ಪುಡಿಯಾಗಿ ಅಲ್ಲ, ಗಾಜಾಗಿ ಏಕೆ ಎಂಬುದಕ್ಕೆ 1987ರ ಗೊಯಾನಿಯಾ ಇದೆ. ಬ್ರೆಜಿಲಿನ ಆ ಊರಿನಲ್ಲಿ ಪಾಳುಬಿದ್ದ ಚಿಕಿತ್ಸಾಲಯದ ಯಂತ್ರದಿಂದ ಕಿತ್ತ ನೂರು ಗ್ರಾಂಗೂ ಕಡಿಮೆ ಸೀಸಿಯಂ ಕ್ಲೋರೈಡ್, ನೀರಿನಲ್ಲಿ ಕರಗುವ ಹೊಳೆಯುವ ಪುಡಿ, ಮನೆಮನೆಗೆ ಹಂಚಿಹೋಯಿತು. ನಾಲ್ವರು ಸತ್ತರು, 249 ಜನರಿಗೆ ಸೀಸಿಯಂ ಮೆತ್ತಿಕೊಂಡಿತ್ತು.

ಎಂಡೋಸಲ್ಫಾನ್ ಕೀಟನಾಶಕದ ಜೊತೆ ನೀವು ಮಾಡಿದ ಹೋಲಿಕೆಯ ಬಗ್ಗೆ ಒಂದು ಮಾತು. ಕಾಸರಗೋಡಿನ ಎಣ್ಮಕಜೆಯ ಕಡೆಯವರು ಬರೆಯುವಾಗ ಅದು ನೆನಪಾಗದೆ ಇರದು, ತೆಗೆಯಿರಿ ಎನ್ನುವುದಿಲ್ಲ. ಆದರೆ ‘ಎರಡೂ ಒಂದೇ’ ಎಂದು ಬಿಡಬೇಡಿ. ಎಂಡೋಸಲ್ಫಾನ್ ಸೂಕ್ಷ್ಮಜೀವಿ, ಕ್ಷಾರಗಳಿಂದ ಬದಲಾಗುತ್ತದೆ, ಬದಲಾದ ರೂಪಗಳಲ್ಲೂ ಕೆಲವು ವಿಷವೇ. ಸೀಸಿಯಂ ಯಾವುದಕ್ಕೂ ಜಗ್ಗುವುದಿಲ್ಲ. ಆದರೆ ಅದು ತನ್ನ ಇರವನ್ನು ತಾನೇ ಹೇಳುತ್ತದೆ, ತೀರಾ ಕಡಿಮೆ ಇದ್ದರೂ ಗಾಮಾ ಉಪಕರಣಕ್ಕೆ ಸಿಗುತ್ತದೆ. ಕೀಟನಾಶಕವನ್ನು ಹುಡುಕಲು ಪ್ರಯೋಗಾಲಯವೇ ಬೇಕು. ಗೇರುತೋಟಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಲ್ಲಿ ಸಿಂಪಡಿಸಿದರೂ ಯಾರ ಮೈಯಲ್ಲಿ ಎಷ್ಟು ಸೇರುತ್ತಿದೆ ಎಂದು ಊರವರಿಗೆ ಅಳೆದು ನೋಡುವ ದಾರಿ ಇರಲಿಲ್ಲ. ಸ್ಥಾವರ ಬಂದರೆ ಊರವರ ಕೈಗೆ ಅಳತೆಯ ಉಪಕರಣ ಬರುತ್ತದೆಯೇ, ಅಂಕಿಗಳನ್ನು ಯಾರು ಪ್ರಕಟಿಸುತ್ತಾರೆ? ಈ ಪ್ರಶ್ನೆ ನಿಮ್ಮ ಲೇಖನದಲ್ಲಿ ಬರಲೇಬೇಕು.

ಮಾನಗಳನ್ನು ಬೇರೆಬೇರೆ ಮಾಡಿ. ಎಷ್ಟು ಪರಮಾಣು ಸೆಕೆಂಡಿಗೆ ಕ್ಷಯಿಸುತ್ತವೆ ಎಂಬುದಕ್ಕೆ ಬೆಕೆರೆಲ್, ದೇಹ ಹೀರಿದ ಶಕ್ತಿಗೆ ಗ್ರೇ, ಅದರಿಂದ ಆಗಬಹುದಾದ ಹಾನಿಯ ಅಂದಾಜಿಗೆ ಸೀವರ್ಟ್. ನೀವು ಮೂರನ್ನೂ ‘ಯೂನಿಟ್ ವಿಕಿರಣ’ ಎಂದು ಬರೆದುಬಿಟ್ಟಿದ್ದೀರಿ. ಪ್ರಪಂಚದ ಸರಾಸರಿ ಸಹಜ ವಿಕಿರಣ ವರ್ಷಕ್ಕೆ 2.4 ಮಿಲಿಸೀವರ್ಟ್, ಸ್ಥಾವರದಿಂದ ಸಾರ್ವಜನಿಕರಿಗೆ ಇಟ್ಟ ಮಿತಿ ವರ್ಷಕ್ಕೆ 1. ಈ ಎರಡು ಅಂಕಿ ಮೊದಲೇ ಕೊಟ್ಟರೆ ಮುಂದಿನದನ್ನು ಓದುಗ ತಾನೇ ತೂಗುತ್ತಾನೆ.

ಭಾಷೆ ಬಹುಮಟ್ಟಿಗೆ ಸಲೀಸಾಗಿದೆ, ‘ಮಾಡಲಾಗುತ್ತದೆ, ಇಡಲಾಗುತ್ತದೆ’ಗಳನ್ನು ಅರ್ಧಕ್ಕೆ ಇಳಿಸಿ. ಯಾರು ಮಾಡುತ್ತಾರೆ ಎಂದು ಗೊತ್ತಿದ್ದರೆ ಅವರನ್ನೇ ಕರ್ತೃ ಮಾಡಿ. ಪ್ಲಸ್ ಟು ವಿಜ್ಞಾನ ಓದಿದವರಿಗೆ ತಿಳಿದರೆ ಸಾಕು, ಅದಕ್ಕಿಂತ ಕೆಳಗಿಳಿಸುವುದು ಬೇಡ. ನ್ಯೂಟ್ರಿನೊ ಕುರಿತ ಒಂದೂವರೆ ಪುಟ ಪೂರಾ ತೆಗೆಯಿರಿ. 1965ರಲ್ಲಿ ಕೋಲಾರದ ಗಣಿಯಲ್ಲಿ ವಾತಾವರಣದ ನ್ಯೂಟ್ರಿನೊ ಪತ್ತೆಯಾದ ಸಂಗತಿಗೆ ಬೇರೆಯೇ ಲೇಖನ ಬರೆಯಬಹುದು. ಒಟ್ಟು 1,800 ಪದ ಮೀರದಿರಲಿ. 19 ಕೊಳವೆಗಳ ಕಟ್ಟಿನ ಅಡ್ಡಕೊಯ್ತದ ಒಂದು ರೇಖಾಚಿತ್ರ ಕೈಯಲ್ಲೇ ಬರೆದು ಜೊತೆಗಿಡಿ. ಚೆಂದ ಇಲ್ಲದಿದ್ದರೂ ಚಿಂತೆಯಿಲ್ಲ, ನಮ್ಮ ಕಲಾವಿದರು ಸರಿಮಾಡುತ್ತಾರೆ. ಅಳತೆ ಮಾತ್ರ ನಿಮ್ಮದೇ ಇರಲಿ.

— ಸಂಪಾದಕ