ತಣ್ಣೀರಿನಲ್ಲಿ ಕಯಾಕ್ ಮೇಲೆ ಕುಳಿತು ಮೀನು ಹಿಡಿಯಲು ಎಂಥ ಉಡುಪು ಬೇಕು?

ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಜಲಾಶಯದಲ್ಲಿ ಚಳಿಗಾಲದ ಮುಂಜಾನೆ ಸ್ವೆಟರ್, ಜೀನ್ಸ್ ತೊಟ್ಟು ಗಾಳ ಹಾಕಿ ರೂಢಿಯಿರುವ ತಾವು, ಏಪ್ರಿಲ್‌ನಲ್ಲಿ ಕೆನಡಾದ ಸರೋವರದಲ್ಲಿ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಮೇಲೆ ಕೂರುವುದಕ್ಕೂ ಅದೇ ಉಡುಪು ಸಾಕೇ ಎಂದು ಕೇಳಿದ್ದೀರಿ. ಖಂಡಿತ ಸಾಲದು. ಅಲ್ಲಿ ಬಿಸಿಲು ಚುರುಕಾಗಿದ್ದರೂ ಸರೋವರದಲ್ಲಿರುವುದು ಮಂಜುಗಡ್ಡೆ ಆಗಷ್ಟೇ ಕರಗಿದ ನೀರಾಗಿರಬಹುದಾದ್ದರಿಂದ, ಗಾಳಿಯ ಉಷ್ಣಾಂಶವನ್ನಲ್ಲ, ನೀರಿನದನ್ನು ನೋಡಿ ಬಟ್ಟೆ ಆರಿಸಬೇಕು. 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ ನೀರಿಗೆ ಹಠಾತ್ತನೆ ಬಿದ್ದರೆ ಮೊದಲ ಒಂದೆರಡು ನಿಮಿಷ ಉಸಿರು ಹಿಡಿತಕ್ಕೆ ಸಿಗುವುದಿಲ್ಲ. ಚೆನ್ನಾಗಿ ಈಜು ಬಲ್ಲವರೂ ಆಗಲೇ ಮುಳುಗಿಬಿಡಬಹುದು. ಆದ್ದರಿಂದ ಲೈಫ್ ಜಾಕೆಟ್ಟನ್ನು ಕಾಲ ಬಳಿ ಇಟ್ಟುಕೊಳ್ಳದೆ ಮೈಮೇಲೆಯೇ ಬಿಗಿದುಕೊಂಡಿರಬೇಕು.

ಗಂಟೆಗಟ್ಟಲೆ ಅಲುಗಾಡದೆ ಕೂರುವ ಈ ಕೆಲಸಕ್ಕೆ ತುಸು ನೀರು ಒಳಬರಬಿಡುವ, ಮೈಗಂಟಿಕೊಳ್ಳುವ ವೆಟ್‌ಸೂಟ್‌ಗಿಂತ ನೀರು ಒಳಬಾರದಂತೆ ಮೈಯೆಲ್ಲ ಮುಚ್ಚುವ ಡ್ರೈಸೂಟೇ ಮೇಲೆಂಬುದು ನನ್ನ ಅಭಿಪ್ರಾಯ. ಅದು ನೀರನ್ನು ತಡೆಯುತ್ತದೆಯೇ ಹೊರತು ತಾನಾಗಿ ಅಷ್ಟೇನೂ ಬೆಚ್ಚಗಿಡುವುದಿಲ್ಲ. ಒಳಗೆ ಉಣ್ಣೆಯ ಅಥವಾ ಫ್ಲೀಸ್ (ಮೆತ್ತನೆಯ ಕೃತಕ ನೂಲಿನ) ಬಟ್ಟೆ ಬೇಕು. ಹತ್ತಿ ಒದ್ದೆಯಾದರೆ ಮೈಯ ಶಾಖವನ್ನೇ ಕಸಿಯುವುದರಿಂದ ಹತ್ತಿಯ ಬನಿಯನ್ ಕೂಡ ಬೇಡ. ನೀರಿಗಿಳಿಯುವ ಮುನ್ನ ಜಿಪ್ ಪೂರ್ತಿ ಮುಚ್ಚಿದೆಯೇ ಎಂದು ಕೈಯಾಡಿಸಿ ನೋಡಿ, ಕುಕ್ಕರಗಾಲಲ್ಲಿ ಕುಳಿತು, ಕತ್ತಿನ ರಬ್ಬರ್ ಪಟ್ಟಿಯನ್ನು ಬೆರಳಿನಿಂದ ತುಸು ಬಿಡಿಸಿ ಒಳಗಿನ ಗಾಳಿಯನ್ನು ಹೊರಹಾಕಿ. ಬೆರಳ ತುದಿ ತೆರೆದಿರುವ ನಿಯೋಪ್ರೀನ್ (ಕೃತಕ ರಬ್ಬರ್) ಕೈಗವಸು ತೊಟ್ಟರೆ ಗಾಳದ ಗಂಟು ಕಟ್ಟಲು ತೊಡಕಾಗದು.